ಬೀಗದ ಕೈ ಯಾರ ಬಳಿ ಇದೆ? ಮನೆಯ ಕಂಪ್ಯೂಟರಿನ ಪಾಸ್‌ವರ್ಡ್ ನೋಡಿಕೊಳ್ಳುವ ಬಗೆ

ಚಿಕ್ಕಪ್ಪನ ಕಾರ್ಯಗಳೆಲ್ಲ ಮುಗಿದ ಮರುದಿನ ಚಿಕ್ಕಮ್ಮ ಅವರ ಲ್ಯಾಪ್‌ಟಾಪನ್ನು ನನ್ನ ಮುಂದೆ ತಂದಿಟ್ಟರು. ತೋಟದ ಲೆಕ್ಕ, ಪಹಣಿಯ ಪ್ರತಿಗಳು, ವಿಮೆಯ ಕಾಗದ, ಮಗಳ ಮದುವೆಯ ಫೋಟೊ ಎಲ್ಲವೂ ಅದರೊಳಗಿದ್ದವು. ಪರದೆಯ ಮೇಲೆ ಚಿಕ್ಕಪ್ಪನ ಹೆಸರು, ಅದರ ಕೆಳಗೆ ಪಿನ್ ಕೇಳುವ ಖಾಲಿ ಚೌಕ. ಹುಟ್ಟಿದ ವರ್ಷ, ಮದುವೆಯ ವರ್ಷ, ಹಳೆಯ ಸ್ಕೂಟರಿನ ಸಂಖ್ಯೆ, ಒಂದೊಂದಾಗಿ ಹಾಕಿ ನೋಡಿದೆವು. ಯಾವುದೂ ಅಲ್ಲ. ಕೆಲವು ಸಲ ತಪ್ಪಿದ ಮೇಲೆ ‘ಎ1ಬಿ2ಸಿ3’ ಎಂದು ಟೈಪ್ ಮಾಡಿರಿ ಎಂಬ ಸೂಚನೆ ಮೂಡಿತು. ಯಾರೋ ಕಂಪ್ಯೂಟರಿನೊಳಗೆ ನುಗ್ಗಿದ್ದಾರೆಂದು ಚಿಕ್ಕಮ್ಮ ಹೆದರಿದರು. ಹಾಗೇನೂ ಅಲ್ಲ. ಕೀಲಿಮಣೆ ಸರಿಯಾಗಿ ಕೆಲಸ ಮಾಡುತ್ತಿದೆಯೇ, ಮಗುವೋ ಬೆಕ್ಕೋ ಗುಂಡಿಗಳನ್ನು ಒತ್ತುತ್ತಿಲ್ಲವಷ್ಟೆ ಎಂದು ಖಚಿತಪಡಿಸಿಕೊಳ್ಳಲು ವಿಂಡೋಸ್ ಹಾಗೆ ಕೇಳುತ್ತದೆ.

ಪೇಟೆಯ ರಿಪೇರಿ ಅಂಗಡಿಯೊಂದರಲ್ಲಿ ವಿಚಾರಿಸಿದರೆ, ‘ಫಾರ್ಮ್ಯಾಟ್ ಮಾಡಿಬಿಡೋಣ, ಹೊಸದರಂತೆ ಆಗುತ್ತದೆ’ ಎಂದರು. ಹೊಸದು ನಮಗೆ ಬೇಕಿರಲಿಲ್ಲ, ಹಳೆಯದೇ ಬೇಕಿತ್ತು. ಕೊನೆಗೆ ಪಿನ್ ಮರೆತಿದ್ದೇನೆ ಎಂಬ ಕೊಂಡಿಯನ್ನು ಒತ್ತಿದಾಗ, ಲ್ಯಾಪ್‌ಟಾಪ್ ಮಾರಿದ ಅಂಗಡಿಯವರು ತಾವೇ ತೆರೆದು ಕೊಟ್ಟಿದ್ದ, ನಾವ್ಯಾರೂ ಕೇಳಿರದ ಒಂದು ಇಮೇಲ್ ವಿಳಾಸ ಕಾಣಿಸಿತು. ಪುಣ್ಯಕ್ಕೆ ಅದಕ್ಕೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಚಿಕ್ಕಪ್ಪನದೇ. ಆ ಸಂಖ್ಯೆಗೆ ಇನ್ನು ರೀಚಾರ್ಜ್ ಯಾಕೆ ಎಂದು ಚಿಕ್ಕಮ್ಮ ಹಿಂದಿನ ವಾರವಷ್ಟೇ ಯೋಚಿಸಿದ್ದರಂತೆ. ಸಂಕೇತ ಸಂಖ್ಯೆ ಆ ಫೋನಿಗೆ ಬಂತು, ಬಾಗಿಲು ತೆರೆಯಿತು.

ಪಾಸ್‌ವರ್ಡ್ ಕುರಿತ ಬರಹಗಳಲ್ಲಿ ಹೆಚ್ಚಿನವು ಹೊರಗಿನ ಕಳ್ಳನ ವಿಚಾರವನ್ನೇ ಹೇಳುತ್ತವೆ. ಮನೆಯ ಕಂಪ್ಯೂಟರಿನ ಮಟ್ಟಿಗೆ ನಾನು ಕಂಡಿರುವುದು ಬೇರೆ: ಕಳ್ಳ ಒಳಗೆ ಬಂದದ್ದಕ್ಕಿಂತ ಮನೆಯವರೇ ಹೊರಗೆ ಉಳಿದದ್ದು ಹೆಚ್ಚು. ಆದ್ದರಿಂದ ಇಲ್ಲಿ ಎರಡನ್ನೂ ಒಟ್ಟಿಗೆ ನೋಡುತ್ತೇನೆ. ಹೆಚ್ಚಿನ ಮನೆಗಳಲ್ಲಿರುವುದು ವಿಂಡೋಸ್ ಆದ್ದರಿಂದ ಹೆಜ್ಜೆಗಳನ್ನು ವಿಂಡೋಸ್ 11ಕ್ಕೆ ಹೊಂದಿಸಿ ಬರೆದಿದ್ದೇನೆ. ವಿಂಡೋಸ್ 10ರಲ್ಲೂ ಬಹುತೇಕ ಇದೇ ದಾರಿ. ಆದರೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದೆ ಎಂಬುದು ನೆನಪಿರಲಿ.

ಮೊದಲ ಹೆಜ್ಜೆ: ನಿಮ್ಮದು ಯಾವ ಬಗೆಯ ಖಾತೆ?

ಇದನ್ನು ತಿಳಿಯದೆ ಮುಂದಿನ ಯಾವ ಸಲಹೆಯೂ ಉಪಯೋಗಕ್ಕೆ ಬಾರದು. ‘ಸೆಟ್ಟಿಂಗ್ಸ್’ ತೆರೆಯಿರಿ, ಎಡಗಡೆ ‘ಅಕೌಂಟ್ಸ್’ ಒತ್ತಿರಿ, ಅದರಲ್ಲಿ ‘ಯುವರ್ ಇನ್ಫೋ’ ನೋಡಿರಿ. ನಿಮ್ಮ ಹೆಸರಿನ ಕೆಳಗೆ ಇಮೇಲ್ ವಿಳಾಸ ಇದ್ದರೆ ಅದು ಮೈಕ್ರೋಸಾಫ್ಟ್ ಖಾತೆ. ‘ಲೋಕಲ್ ಅಕೌಂಟ್’ ಎಂದಿದ್ದರೆ ಆ ಖಾತೆ ನಿಮ್ಮ ಯಂತ್ರದೊಳಗೆ ಮಾತ್ರ ಇದೆ, ಹೊರಗೆ ಎಲ್ಲಿಯೂ ಇಲ್ಲ.

ವ್ಯತ್ಯಾಸ ದೊಡ್ಡದು. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಮರೆತರೆ ಬೇರೊಂದು ಫೋನಿನಿಂದಲೂ ಅದನ್ನು ಬದಲಿಸಬಹುದು. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಅಥವಾ ಬೇರೆ ಇಮೇಲ್ ನಿಮ್ಮ ಕೈಯಲ್ಲಿ ಇದ್ದರೆ ಸಾಕು. ಲೋಕಲ್ ಖಾತೆಯ ಪಾಸ್‌ವರ್ಡ್ ಮರೆತರೆ ಮೈಕ್ರೋಸಾಫ್ಟ್ ಕಂಪನಿಯೂ ನೆರವಿಗೆ ಬರಲಾರದು. ಅದರ ಪರಿಹಾರವನ್ನು ನೀವು ಮೊದಲೇ ಮಾಡಿಟ್ಟಿರಬೇಕು.

‘ಯುವರ್ ಇನ್ಫೋ’ದಲ್ಲಿ ನಿಮಗೆ ಪರಿಚಯವೇ ಇಲ್ಲದ ಇಮೇಲ್ ಕಂಡರೆ ಅಚ್ಚರಿಪಡಬೇಡಿ. ಹೊಸ ಲ್ಯಾಪ್‌ಟಾಪನ್ನು ಮೊದಲ ಸಲ ಚಾಲೂ ಮಾಡುವಾಗ ವಿಂಡೋಸ್ 11 ಮೈಕ್ರೋಸಾಫ್ಟ್ ಖಾತೆಯನ್ನೇ ಕೇಳುತ್ತದೆ. ಗಿರಾಕಿಯನ್ನು ಕಾಯಿಸಬಾರದೆಂದು ಅಂಗಡಿಯ ಹುಡುಗರು ಏನೋ ಒಂದು ವಿಳಾಸ ಸೃಷ್ಟಿಸಿ ಕೆಲಸ ಮುಗಿಸುತ್ತಾರೆ. ಅವರ ಉದ್ದೇಶ ಕೆಟ್ಟದ್ದಲ್ಲ. ಆದರೆ ನಿಮ್ಮ ಮನೆಯ ಬೀಗದ ಕೈ ಅವರ ನೆನಪಿನಲ್ಲಿ ಉಳಿಯುತ್ತದೆ, ಇಲ್ಲವೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಹೀಗಿದ್ದರೆ ಇಂದೇ ಆ ಖಾತೆಯ ಪಾಸ್‌ವರ್ಡನ್ನು ಬದಲಿಸಿ ನಿಮ್ಮ ಮೊಬೈಲ್ ಸಂಖ್ಯೆಯನ್ನು ಸೇರಿಸಿರಿ. ಇಲ್ಲದಿದ್ದರೆ ನಿಮ್ಮದೇ ಹೊಸ ಖಾತೆಗೆ ಬದಲಾಯಿಸಿಕೊಳ್ಳಿರಿ. ಒಳಗೆ ಹೋಗಲು ಪಿನ್ ಇನ್ನೂ ನೆನಪಿರುವಾಗ ಮಾಡಬೇಕಾದ ಕೆಲಸ ಇದು.

ಮೊಬೈಲ್ ಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಪ್ರೀಪೇಯ್ಡ್ ಸಂಖ್ಯೆಯನ್ನು 90 ದಿನ ಬಳಸದೆ ಬಿಟ್ಟರೆ ಅದು ನಿಷ್ಕ್ರಿಯವಾಗಬಹುದು, ಮುಂದೆ ಬೇರೆಯವರ ಪಾಲಾಗಬಹುದು. ಸಂಖ್ಯೆ ಬದಲಿಸುವವರು ಹಳೆಯದು ಕೈತಪ್ಪುವ ಮೊದಲೇ ಖಾತೆಯಲ್ಲಿ ಹೊಸದನ್ನು ಸೇರಿಸಬೇಕು. ಹಳೆಯ ಗುರುತುಗಳು ಯಾವುವೂ ಕೈಯಲ್ಲಿ ಇಲ್ಲದೆ ಎಲ್ಲವನ್ನೂ ಬದಲಿಸಲು ಹೊರಟರೆ ಮೈಕ್ರೋಸಾಫ್ಟ್ 30 ದಿನ ಕಾಯಿಸುತ್ತದೆ.

ಎರಡನೆಯ ಹೆಜ್ಜೆ: ಪಾಸ್‌ವರ್ಡ್ ಕಟ್ಟುವುದು

ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರಬೇಕು, ಆಗಾಗ ಬದಲಿಸುತ್ತಲೂ ಇರಬೇಕು ಎಂಬ ಉಪದೇಶವನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಈ ಉಪದೇಶ ಜಗತ್ತಿನಲ್ಲೆಲ್ಲ ಹರಡಲು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2003ರಲ್ಲಿ ಹೊರತಂದ ಒಂದು ದಾಖಲೆ ಮುಖ್ಯ ಕಾರಣ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಅದರ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಅದೇ ವರ್ಷ ಆ ಸಂಸ್ಥೆಯೂ ತನ್ನ ಮಾತನ್ನು ಬದಲಿಸಿತು: ಉದ್ದವೇ ಮುಖ್ಯ, ಸೋರಿಕೆಯ ಸುಳಿವು ಇಲ್ಲದೆ ಸುಮ್ಮನೆ ಬದಲಿಸುತ್ತಾ ಇರಬೇಕಾಗಿಲ್ಲ. ಕಾರಣ ಸರಳ. ಮೂರು ತಿಂಗಳಿಗೊಮ್ಮೆ ಬದಲಿಸಿ ಎಂದರೆ ಜನ ಕೊನೆಯ 1 ತೆಗೆದು 2 ಹಾಕುತ್ತಾರೆ, ಅಷ್ಟೇ.

ದೇವರ ಹೆಸರು, ಮಗುವಿನ ಹೆಸರು, ಊರಿನ ಹೆಸರಿನ ಮುಂದೆ ಒಂದು ಚಿಹ್ನೆ, ಆಮೇಲೆ 123. ನಮ್ಮ ಮನೆಗಳ ಪಾಸ್‌ವರ್ಡ್‌ಗಳಲ್ಲಿ ಹೆಚ್ಚಿನವು ಈ ಅಚ್ಚಿನವೇ. ಊಹಿಸುವವರೂ ಮೊದಲು ನೋಡುವುದು ಇದನ್ನೇ. ಗಾದೆ, ವಚನದ ಸಾಲು, ಚಿತ್ರಗೀತೆಯ ಪಲ್ಲವಿ ಕೂಡ ಬೇಡ. ನಿಮಗೆ ಬಾಯಿಪಾಠ ಆಗಿರುವುದು ಸಾವಿರಾರು ಜನರಿಗೂ ಬಾಯಿಪಾಠವೇ.

ನಾನು ಮಾಡುವುದು ಹೀಗೆ. ಕನ್ನಡ ನಿಘಂಟನ್ನು ಕಣ್ಣು ಮುಚ್ಚಿ ತೆರೆಯುತ್ತೇನೆ, ಬೆರಳಿಟ್ಟ ಕಡೆ ಇರುವ ಪದವನ್ನು ಬರೆದುಕೊಳ್ಳುತ್ತೇನೆ. ಹೀಗೆ ನಾಲ್ಕು ಸಲ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪದಗಳು ಸಿಗುತ್ತವೆ: ಕೊಡಲಿ, ನವಿಲು, ಬದನೆ, ಕಿಟಕಿ. ಇಂಗ್ಲಿಷ್ ಅಕ್ಷರಗಳಲ್ಲಿ ನಡುವೆ ಅಡ್ಡಗೆರೆ ಹಾಕಿ ಬರೆದರೆ 27 ಅಕ್ಷರಗಳಾಗುತ್ತವೆ. ಕಿಟಕಿಯಿಂದ ಇಣುಕಿದ ನವಿಲು ಕೊಡಲಿಯಲ್ಲಿ ಬದನೆ ಹೆಚ್ಚುವ ಚಿತ್ರ ಒಮ್ಮೆ ಮನಸ್ಸಿಗೆ ಬಂದರೆ ಮರೆಯುವುದು ಕಷ್ಟ. ಇದನ್ನೇ ನಕಲು ಮಾಡಬೇಡಿ, ಅಚ್ಚಾದ ಮೇಲೆ ಇದು ಗುಟ್ಟಲ್ಲ. ಪದಗಳನ್ನು ನಿಮ್ಮ ಮನಸ್ಸಿನಿಂದ ಆರಿಸಲೂ ಬೇಡಿ. ಮನಸ್ಸು ಮತ್ತೆ ಮಗುವಿನ ಹೆಸರಿಗೇ ಹೋಗುತ್ತದೆ.

ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ನಮಗೆ ಮಾತ್ರ ಎದುರಾಗುವ ತೊಡಕೊಂದು ಇದೆ. ‘ಗಾಳಿ’ ಎಂಬುದಕ್ಕೆ ಒಂದು ‘ಎ’ ಹಾಕಿದೆನೋ ಎರಡೋ? ‘ಶಂಖ’ದ ಕೊನೆಗೆ ‘ಎಚ್’ ಸೇರಿಸಿದೆನೋ ಇಲ್ಲವೋ? ಇಂದು ಸ್ಪಷ್ಟವಾಗಿರುವುದು ಮೂರು ತಿಂಗಳ ನಂತರ ಕೈಕೊಡುತ್ತದೆ. ದೀರ್ಘಾಕ್ಷರ, ಮಹಾಪ್ರಾಣ, ಶಕಾರ ಷಕಾರ ಇರುವ ಪದ ಸಿಕ್ಕರೆ ಬಿಟ್ಟು ಇನ್ನೊಮ್ಮೆ ನಿಘಂಟು ತೆರೆಯಿರಿ. ಒಂದೇ ರೀತಿಯಲ್ಲಿ ಬರೆಯಬಹುದಾದ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ.

ಬದಲಿಸುವ ದಾರಿ ಸುಲಭ. ಲೋಕಲ್ ಖಾತೆಯಾದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ‘ಚೇಂಜ್ ಎ ಪಾಸ್‌ವರ್ಡ್’ ಆರಿಸಿಕೊಳ್ಳಿರಿ. ‘ಅಕೌಂಟ್ಸ್’ನೊಳಗಿನ ‘ಸೈನ್ ಇನ್ ಆಪ್ಷನ್ಸ್’ನಲ್ಲಿಯೂ ಮಾಡಬಹುದು. ಮೈಕ್ರೋಸಾಫ್ಟ್ ಖಾತೆಯಾದರೆ ಅವರ ಜಾಲತಾಣಕ್ಕೆ ಹೋಗಿ ಬದಲಿಸಬೇಕು.

ಪಿನ್ ಎಂದರೆ ಚಿಕ್ಕ ಪಾಸ್‌ವರ್ಡ್ ಅಲ್ಲ

ನಾಲ್ಕು ಅಂಕಿಯ ಪಿನ್ ಅಷ್ಟುದ್ದದ ಪಾಸ್‌ವರ್ಡಿಗಿಂತ ಹೇಗೆ ಒಳ್ಳೆಯದು ಎಂದು ಬಹಳ ಜನ ಕೇಳುತ್ತಾರೆ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಕಟ್ಟಿದ್ದು. ಹೊಸ ಕಂಪ್ಯೂಟರುಗಳಲ್ಲಿ ಇರುವ ಟಿಪಿಎಂ ಎಂಬ ಭದ್ರತಾ ಚಿಪ್ ಅದನ್ನು ಕಾಯುತ್ತದೆ, ಪದೇ ಪದೇ ತಪ್ಪಿದರೆ ತಡೆ ಹಾಕುತ್ತದೆ. ನಿಮ್ಮ ಪಿನ್ ನೆರೆಮನೆಯವರಿಗೆ ತಿಳಿದರೂ ಈ ಲ್ಯಾಪ್‌ಟಾಪ್ ಎದುರಿಗೆ ಇಲ್ಲದೆ ಅದರಿಂದ ಏನೂ ಮಾಡಲಾರರು. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ತಿಳಿದರೆ ಜಗತ್ತಿನ ಯಾವ ಮೂಲೆಯಿಂದಲೂ ನಿಮ್ಮ ಮೇಲ್ ಓದಬಹುದು.

ಹಾಗೆಂದು 1234 ಬೇಡ, ಹುಟ್ಟಿದ ವರ್ಷವೂ ಬೇಡ, ಎಟಿಎಂ ಪಿನ್ನಂತೂ ಬೇಡವೇ ಬೇಡ. ಆರು ಅಂಕಿಗಳನ್ನಾದರೂ ಇಡಿ. ‘ಸೈನ್ ಇನ್ ಆಪ್ಷನ್ಸ್’ನಲ್ಲಿ ಪಿನ್ ಎಂಬಲ್ಲಿ ಬದಲಿಸಬಹುದು, ಅಕ್ಷರಗಳನ್ನು ಸೇರಿಸುವ ಆಯ್ಕೆಯೂ ಅಲ್ಲೇ ಇದೆ.

ಪಿನ್‌ನಿಂದ ಬರುವ ಇನ್ನೊಂದು ತೊಂದರೆ ಯಾರೂ ಹೇಳದೇ ಇರುವಂಥದ್ದು. ವರ್ಷಗಟ್ಟಲೆ ಪಿನ್ ಮಾತ್ರ ಒತ್ತುತ್ತ ಬಂದವರಿಗೆ ಅದರ ಹಿಂದೆ ಒಂದು ಪಾಸ್‌ವರ್ಡ್ ಇದೆ ಎಂಬುದೇ ಮರೆತುಹೋಗಿರುತ್ತದೆ. ಯಂತ್ರ ಒಂದು ದಿನ ಅದನ್ನು ಕೇಳಿದಾಗ ಕಂಗಾಲಾಗುತ್ತಾರೆ. ಆರು ತಿಂಗಳಿಗೊಮ್ಮೆಯಾದರೂ ಫೋನಿನಿಂದ ಮೈಕ್ರೋಸಾಫ್ಟ್ ಖಾತೆಗೆ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಿ ನೋಡಿರಿ. ಎರಡು ವರ್ಷ ಯಾವ ರೀತಿಯಲ್ಲೂ ಲಾಗಿನ್ ಆಗದ ಖಾತೆಯನ್ನು ಮುಚ್ಚುವ ಹಕ್ಕೂ ಕಂಪನಿಗೆ ಇದೆ.

ಮೂರನೆಯ ಹೆಜ್ಜೆ: ಮನೆಮಂದಿಗೆ ಬೇರೆ ಬೇರೆ ಖಾತೆ

ಒಂದೇ ಖಾತೆಯನ್ನು ಎಲ್ಲರೂ ಬಳಸುವ ಮನೆಯಲ್ಲಿ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲೆ ಇರುತ್ತದೆ. ಬ್ರೌಸರಿನಲ್ಲಿ ಉಳಿಸಿಟ್ಟ ಬ್ಯಾಂಕಿನ ಪಾಸ್‌ವರ್ಡುಗಳನ್ನು ತೋರಿಸುವ ಮೊದಲು ಕ್ರೋಮ್ ಕೇಳುವುದು ಇದೇ ವಿಂಡೋಸ್ ಪಿನ್ನನ್ನು ಅಥವಾ ಪಾಸ್‌ವರ್ಡನ್ನು. ಆಟವಾಡಲು ಪಿನ್ ಕಲಿತ ಮಗುವಿನ ಕೈಯಲ್ಲಿ ನಿಮ್ಮ ಬ್ಯಾಂಕ್ ಖಾತೆಯ ಬಾಗಿಲೂ ಇದ್ದಂತಾಯಿತು.

‘ಅಕೌಂಟ್ಸ್’ನಲ್ಲಿ ‘ಅದರ್ ಯೂಸರ್ಸ್’ ತೆರೆದು ‘ಆ್ಯಡ್ ಅಕೌಂಟ್’ ಒತ್ತಿರಿ. ಇಮೇಲ್ ಕೇಳಿದಾಗ, ಆ ವ್ಯಕ್ತಿಯ ಲಾಗಿನ್ ಮಾಹಿತಿ ತನ್ನ ಬಳಿ ಇಲ್ಲ ಎಂಬ ಸಾಲನ್ನು ಒತ್ತಿರಿ. ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಬಳಕೆದಾರರನ್ನು ಸೇರಿಸುವ ಆಯ್ಕೆ ಸಿಗುತ್ತದೆ. ಹೆಸರು, ಪಾಸ್‌ವರ್ಡ್, ಮೂರು ಭದ್ರತಾ ಪ್ರಶ್ನೆಗಳು. ಈ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಡಲೇಬೇಕೆಂದಿಲ್ಲ. ಹುಟ್ಟಿದ ಊರು ಯಾವುದೆಂಬುದು ಇಡೀ ನೆಂಟರಿಷ್ಟರಿಗೆ ಗೊತ್ತು. ಅದರ ಉತ್ತರವಾಗಿ ‘ಕೊಡಲಿ’ ಎಂದು ಬರೆದರೆ ವಿಂಡೋಸ್ ಬೇಡವೆನ್ನುವುದಿಲ್ಲ. ಆದರೆ ಏನು ಬರೆದಿರಿ ಎಂಬುದನ್ನು ಗುರುತು ಹಾಕಿಕೊಳ್ಳಿರಿ.

ಹೊಸ ಖಾತೆ ‘ಸ್ಟ್ಯಾಂಡರ್ಡ್’ ಬಗೆಯದಾಗಿರುತ್ತದೆ, ಹಾಗೆಯೇ ಇರಲಿ. ಇಡೀ ಯಂತ್ರಕ್ಕೆ ಅನ್ವಯಿಸುವ ತಂತ್ರಾಂಶ ಸೇರಿಸುವಾಗ, ಮುಖ್ಯ ಸೆಟ್ಟಿಂಗ್ ಬದಲಿಸುವಾಗ ಅದು ‘ಅಡ್ಮಿನಿಸ್ಟ್ರೇಟರ್’ನ ಪಾಸ್‌ವರ್ಡ್ ಕೇಳುತ್ತದೆ. ಕಂಪ್ಯೂಟರಿನಲ್ಲಿ ಮೊದಲು ಮಾಡಿದ ಖಾತೆ ತಾನಾಗಿಯೇ ಅಡ್ಮಿನಿಸ್ಟ್ರೇಟರ್ ಆಗಿರುತ್ತದೆ, ಅದು ದೊಡ್ಡವರ ಬಳಿ ಇರಲಿ. ದಿನದ ಕೆಲಸಕ್ಕೆ ದೊಡ್ಡವರೂ ಸ್ಟ್ಯಾಂಡರ್ಡ್ ಖಾತೆಯನ್ನೇ ಬಳಸುವುದು ಇನ್ನೂ ಮೇಲು. ಇಮೇಲಿನಲ್ಲಿ ಬಂದ ಕೆಟ್ಟ ಕಡತವೊಂದನ್ನು ತಪ್ಪಿ ತೆರೆದರೂ ಹಾನಿ ಕಡಿಮೆಯಾಗುತ್ತದೆ.

ಎದ್ದು ಹೋಗುವಾಗ ವಿಂಡೋಸ್ ಗುಂಡಿಯನ್ನೂ ‘ಎಲ್’ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ.

ನಾಲ್ಕನೆಯ ಹೆಜ್ಜೆ: 48 ಅಂಕಿಗಳ ಕೀಲಿ

ಈ ಬರಹದಲ್ಲಿ ಬೇರೆಲ್ಲವನ್ನೂ ಬಿಟ್ಟರೂ ಇದೊಂದನ್ನು ಇಂದೇ ಮಾಡಿರಿ ಎಂದು ಕೈಮುಗಿದು ಕೇಳುತ್ತೇನೆ.

ಲಾಗಿನ್ ಪಾಸ್‌ವರ್ಡ್ ಮುಂಬಾಗಿಲಿನ ಬೀಗ ಮಾತ್ರ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಒಳಗಿನ ಕಡತಗಳನ್ನು ಪಾಸ್‌ವರ್ಡ್ ಇಲ್ಲದೆಯೇ ಓದಬಹುದು. ಇದನ್ನು ತಡೆಯಲು ಇಡೀ ಡಿಸ್ಕನ್ನೇ ಗೂಢಲಿಪಿಗೆ ಬದಲಿಸುವ ಬಿಟ್‌ಲಾಕರ್ ಎಂಬ ವ್ಯವಸ್ಥೆ ಇದೆ. ಮನೆಬಳಕೆಯ ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಅದರ ಸರಳ ರೂಪಕ್ಕೆ ‘ಡಿವೈಸ್ ಎನ್‌ಕ್ರಿಪ್ಶನ್’ ಎಂದು ಹೆಸರು. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದರೂ ಕಡತಗಳು ಬೇರೆಯವರಿಗೆ ಸಿಗದಂತೆ ಕಾಯುವುದು ಇದೇ.

2024ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ, ಹೊಸದಾಗಿ ಮೈಕ್ರೋಸಾಫ್ಟ್ ಖಾತೆಯೊಂದಿಗೆ ಚಾಲೂ ಮಾಡಿದ ಬಹಳಷ್ಟು ಯಂತ್ರಗಳಲ್ಲಿ ಇದು ತಾನಾಗಿಯೇ ಶುರುವಾಗುತ್ತದೆ. ಒಡೆಯರಿಗೆ ಗೊತ್ತೇ ಇರುವುದಿಲ್ಲ. ಮದರ್‌ಬೋರ್ಡ್ ಬದಲಿಸಿದಾಗ, ಕೆಲವೊಮ್ಮೆ ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ನವೀಕರಿಸಿದಾಗ, ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುತ್ತದೆ. ಅದು ಇಲ್ಲದೆ ಡಿಸ್ಕಿನಲ್ಲಿರುವ ಯಾವುದೂ ಯಾರಿಗೂ ಸಿಗುವುದಿಲ್ಲ. ಅಂಗಡಿಯವರೂ ಕಂಪನಿಯವರೂ ಕೈಚೆಲ್ಲುತ್ತಾರೆ.

‘ಸೆಟ್ಟಿಂಗ್ಸ್’ನಲ್ಲಿ ‘ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ’ ತೆರೆದು ‘ಡಿವೈಸ್ ಎನ್‌ಕ್ರಿಪ್ಶನ್’ ಆನ್ ಆಗಿದೆಯೇ ನೋಡಿರಿ. ಆಗಿದ್ದರೆ ಫೋನಿನ ಬ್ರೌಸರಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ‘ಡಿವೈಸಸ್’ ಎಂಬಲ್ಲಿ ಆ ಕಂಪ್ಯೂಟರನ್ನು ಆರಿಸಿ, ಬಿಟ್‌ಲಾಕರ್ ಕೀಲಿಯನ್ನು ತೋರಿಸುವ ಕೊಂಡಿಯನ್ನು ಒತ್ತಿರಿ. ಆ 48 ಅಂಕಿಗಳನ್ನೂ ಅದರ ಪಕ್ಕದ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನೂ ಕಾಗದದ ಮೇಲೆ ಬರೆಯಿರಿ. ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದರೆ ಯಾವ ಕೀಲಿ ಯಾವುದಕ್ಕೆ ಎಂದು ತಿಳಿಯುವುದು ಆ ಐಡಿಯಿಂದಲೇ. ಕೀಲಿಯನ್ನು ಅದೇ ಕಂಪ್ಯೂಟರಿನ ಡೆಸ್ಕ್‌ಟಾಪಿನ ಮೇಲೆ ಉಳಿಸಿಟ್ಟವರನ್ನು ಕಂಡಿದ್ದೇನೆ. ಬೀರುವಿನ ಕೈಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕಿದಂತೆ ಅದು.

ಆ್ಯಪಲ್ ಮ್ಯಾಕ್ ಬಳಸುವವರಿಗೆ ಇದೇ ಕೆಲಸವನ್ನು ‘ಫೈಲ್‌ವಾಲ್ಟ್’ ಮಾಡುತ್ತದೆ. ಅದರ ರಿಕವರಿ ಕೀಲಿಗೂ ಇದೇ ಮಾತು ಅನ್ವಯಿಸುತ್ತದೆ.

ಐದನೆಯ ಹೆಜ್ಜೆ: ಬೀರುವಿನಲ್ಲೊಂದು ನೋಟ್‌ಬುಕ್

ಪಾಸ್‌ವರ್ಡನ್ನು ಎಲ್ಲಿಯೂ ಬರೆಯಬಾರದು ಎಂಬುದು ಕಚೇರಿಗೆ ಸರಿ, ಮನೆಗೆ ಅಲ್ಲ. ದೂರದ ದೇಶದಲ್ಲಿ ಕುಳಿತ ಕಳ್ಳನಿಗೆ ನಿಮ್ಮ ಬೀರುವಿನೊಳಗಿನ ಕಾಗದ ಕಾಣುವುದಿಲ್ಲ. ಚಿನ್ನ ಇಡುವ ಜಾಗದಲ್ಲಿ, ಮನೆಯ ಪತ್ರಗಳ ಜೊತೆಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರಲಿ. ಚಿಕ್ಕಮ್ಮನಿಗೆ ನಾನು ಮಾಡಿಕೊಟ್ಟ ಪುಟದಲ್ಲಿ ಇಷ್ಟು ಇದೆ: ಕಂಪ್ಯೂಟರಿನ ಗುರುತು, ಖಾತೆಯ ಬಗೆ, ಇಮೇಲ್ ವಿಳಾಸ, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ, ಪಾಸ್‌ವರ್ಡ್, ಪಿನ್, ಭದ್ರತಾ ಪ್ರಶ್ನೆಗಳ ಉತ್ತರ, 48 ಅಂಕಿಗಳು, ಕೊನೆಗೆ ಬರೆದ ದಿನಾಂಕ. ಒಂದು ಬೇಡಿಕೆ ಅವರದೇ: ‘ಸೊನ್ನೆ ಯಾವುದು, ಓ ಯಾವುದು ಅಂತ ಗೊತ್ತಾಗುವ ಹಾಗೆ ಬರೆಯಪ್ಪ.’ ಆದ್ದರಿಂದ ಸೊನ್ನೆಗಳ ಒಳಗೆ ಓರೆಗೆರೆ ಎಳೆದಿದ್ದೇನೆ.

ಈ ನೋಟ್‌ಬುಕ್ ಎಲ್ಲಿದೆ ಎಂಬುದು ಮನೆಯ ಇನ್ನೊಬ್ಬರಿಗೆ ಗೊತ್ತಿರಬೇಕು. ಅದರ ಫೋಟೊ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು.

ಲೋಕಲ್ ಖಾತೆ ಇರುವವರು ಇನ್ನೊಂದು ಕೆಲಸ ಮಾಡಬಹುದು. ಪೆನ್‌ಡ್ರೈವ್ ಸಿಕ್ಕಿಸಿ, ‘ಕಂಟ್ರೋಲ್ ಪ್ಯಾನೆಲ್’ನ ‘ಯೂಸರ್ ಅಕೌಂಟ್ಸ್’ನಲ್ಲಿ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡುವ ಕೊಂಡಿಯನ್ನು ಒತ್ತಿರಿ. ಒಮ್ಮೆ ಮಾಡಿದರೆ ಸಾಕು, ಮುಂದೆ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅದು ಕೆಲಸ ಮಾಡುತ್ತದೆ. ಅದು ಸಿಕ್ಕವರಿಗೂ ಅಷ್ಟೇ ಸುಲಭವಾಗಿ ಬಾಗಿಲು ತೆರೆಯುವುದರಿಂದ ಆ ಪೆನ್‌ಡ್ರೈವ್ ಕೂಡ ಬೀರುವಿಗೇ ಸೇರಬೇಕು.

ಆದರೂ ಬಾಗಿಲು ತೆರೆಯದಿದ್ದರೆ

ಮೊದಲು ಕೀಲಿಮಣೆ ನೋಡಿರಿ. ಕ್ಯಾಪ್ಸ್ ಲಾಕ್ ಆನ್ ಆಗಿದೆಯೇ? ಬಲಗಡೆಯ ಅಂಕಿಗಳನ್ನು ಒತ್ತುವವರು ನಮ್ ಲಾಕ್ ನೋಡಿರಿ. ಕನ್ನಡದಲ್ಲಿ ಟೈಪ್ ಮಾಡುವವರ ಮನೆಯಲ್ಲಿ ಇನ್ನೊಂದು ಸಾಧ್ಯತೆ ಇದೆ: ಲಾಗಿನ್ ಪರದೆಯಲ್ಲಿ ಕನ್ನಡ ಕೀಲಿಮಣೆಯ ವಿನ್ಯಾಸವೇ ಉಳಿದುಬಿಟ್ಟಿರಬಹುದು. ಕಾಣುವುದು ಬರೀ ಚುಕ್ಕೆಗಳಾದ್ದರಿಂದ ತಪ್ಪು ಗೊತ್ತಾಗುವುದಿಲ್ಲ. ಬಲಗಡೆ ಕೆಳಗಿನ ಭಾಷೆಯ ಗುರುತನ್ನು ನೋಡಿ, ವಿಂಡೋಸ್ ಗುಂಡಿ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಿಸಿರಿ. ಚೌಕದ ಕೊನೆಯಲ್ಲಿರುವ ಕಣ್ಣಿನ ಚಿತ್ರ ಒತ್ತಿದರೆ ಬರೆದದ್ದು ಕಾಣುತ್ತದೆ.

ಊಹಿಸುತ್ತ ಕೂರಬೇಡಿ. ಹೊಸದಾಗಿ ಅಳವಡಿಸಿದ ವಿಂಡೋಸ್ 11ರಲ್ಲಿ ಹತ್ತು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಖಾತೆಗೆ ಹತ್ತು ನಿಮಿಷ ಬೀಗ ಬೀಳುತ್ತದೆ. ಮೈಕ್ರೋಸಾಫ್ಟ್ ಖಾತೆಯಾದರೆ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸಿ ಪಿನ್ ಮರೆತಿದ್ದೇನೆ ಎಂಬ ದಾರಿ ಹಿಡಿಯಿರಿ. ಲೋಕಲ್ ಖಾತೆಯಾದರೆ ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿದ ಮೇಲೆ ‘ರೀಸೆಟ್ ಪಾಸ್‌ವರ್ಡ್’ ಎಂಬ ಕೊಂಡಿ ಬರುತ್ತದೆ, ಅದು ಭದ್ರತಾ ಪ್ರಶ್ನೆಗಳಿಗೆ ಕರೆದೊಯ್ಯುತ್ತದೆ.

ಮನೆಯ ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಲೋಕಲ್ ಖಾತೆಯೊಂದರ ಪಾಸ್‌ವರ್ಡನ್ನು ಬಲವಂತವಾಗಿ ಬದಲಿಸಲೂ ಬರುತ್ತದೆ. ಅದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿರಿ. ಹಾಗೆ ಮಾಡಿದರೆ ಆ ಖಾತೆಯಲ್ಲಿ ಉಳಿಸಿದ್ದ ಪಾಸ್‌ವರ್ಡುಗಳೂ ವಿಂಡೋಸ್ ಮೂಲಕ ಪ್ರತ್ಯೇಕವಾಗಿ ಗೂಢಲಿಪಿಗೊಳಿಸಿದ ಕಡತಗಳೂ ಕಳೆದುಹೋಗಬಹುದು.

ನಿಮ್ಮ ಕಂಪ್ಯೂಟರಿಗೆ ಬೀಗ ಬಿದ್ದಿದೆ, ಈ ಸಂಖ್ಯೆಗೆ ಕರೆ ಮಾಡಿ ಎಂದು ಪರದೆ ತುಂಬ ಕೂಗುವ ಪುಟ ಬಂದರೆ ಕರೆ ಮಾಡಬೇಡಿ. ಅದು ಬ್ರೌಸರಿನ ಒಂದು ಪುಟ ಮಾತ್ರ, ಮುಚ್ಚಿದರೆ ಆಯಿತು. ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್‌ನಂತಹ ತಂತ್ರಾಂಶ ಹಾಕಿಕೊಳ್ಳಲು ಹೇಳುವ ಅಪರಿಚಿತರಿಗೆ ಯಂತ್ರವನ್ನು ಒಪ್ಪಿಸಲೇಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿರಿ.

ಕಂಪ್ಯೂಟರ್ ಕೈಬದಲಾಗುವಾಗ

ರಿಪೇರಿಗೆ ಕೊಡುವಾಗ ಅಂಗಡಿಯವರು ಪಾಸ್‌ವರ್ಡ್ ಕೇಳುತ್ತಾರೆ. ಅವರಿಗಾಗಿ ಒಂದು ಸ್ಟ್ಯಾಂಡರ್ಡ್ ಲೋಕಲ್ ಖಾತೆ ಮಾಡಿ ಅದರ ಪಾಸ್‌ವರ್ಡ್ ಕೊಡಿರಿ, ಯಂತ್ರ ಮನೆಗೆ ಬಂದ ಮೇಲೆ ಆ ಖಾತೆಯನ್ನು ತೆಗೆಯಿರಿ. ನಿಮ್ಮದನ್ನೇ ಕೊಡಬೇಕಾಗಿ ಬಂದಿದ್ದರೆ ಅದೇ ಸಂಜೆ ಬದಲಿಸಿರಿ. 48 ಅಂಕಿಗಳ ಪುಟ ಕೈಯಲ್ಲಿ ಇದೆ ಎಂದು ನೋಡಿಕೊಳ್ಳದೆ ಮದರ್‌ಬೋರ್ಡ್ ಬಿಚ್ಚಲು ಬಿಡಬೇಡಿ.

ಮಾರುವಾಗ, ದಾನ ಮಾಡುವಾಗ, ಕಡತಗಳ ಪ್ರತಿ ತೆಗೆದಿಟ್ಟುಕೊಂಡ ನಂತರ ‘ಸೆಟ್ಟಿಂಗ್ಸ್’ನ ‘ಸಿಸ್ಟಂ’ನಲ್ಲಿ ‘ರಿಕವರಿ’ಗೆ ಹೋಗಿ ‘ರೀಸೆಟ್ ದಿಸ್ ಪಿಸಿ’ ಒತ್ತಿ, ಎಲ್ಲವನ್ನೂ ಅಳಿಸುವ ಆಯ್ಕೆ ಹಿಡಿಯಿರಿ. ಡ್ರೈವನ್ನು ಪೂರ್ತಿ ಸ್ವಚ್ಛಗೊಳಿಸಬೇಕೇ ಎಂದು ಕೇಳಿದರೆ ಹೌದೆನ್ನಿರಿ, ಅದಕ್ಕೆ ಕೆಲವು ಗಂಟೆ ಹಿಡಿಯಬಹುದು. ಆಮೇಲೆ ಮೈಕ್ರೋಸಾಫ್ಟ್ ಖಾತೆಯ ‘ಡಿವೈಸಸ್’ ಪಟ್ಟಿಯಿಂದ ಆ ಯಂತ್ರವನ್ನು ತೆಗೆದುಹಾಕಿ, ನೋಟ್‌ಬುಕ್ಕಿನ ಆ ಪುಟದ ಮೇಲೆ ಅಡ್ಡಗೆರೆ ಎಳೆದು ದಿನಾಂಕ ಬರೆಯಿರಿ.